ಯಂತ್ರನಿಯಂತ್ರಕವೂ ತಂತಿಜಾಲವೂ: ಒಂದು ಚಾರಿತ್ರಿಕ ವಿವೇಚನೆ

೧

ಕಾರ್ಖಾನೆಯ ಯಂತ್ರವನ್ನು ನಡೆಸುವ ನಿಯಂತ್ರಕವನ್ನು ತಂತಿಜಾಲಕ್ಕೆ ಕೂಡಿಸುವುದು ಇಂದು ಹೆಚ್ಚಿನ ಶ್ರಮವಿಲ್ಲದೆ ನಡೆಯುವ ಕೆಲಸವಾಗಿದೆ. ನಿಯಂತ್ರಕದ ಪೆಟ್ಟಿಗೆಯಲ್ಲಿರುವ ಕಂಡಿಗೆ ಒಂದು ಕೇಬಲನ್ನು ಸಿಕ್ಕಿಸಿ, ಅದಕ್ಕೊಂದು ವಿಳಾಸವನ್ನು ಗೊತ್ತುಪಡಿಸಿದರೆ, ದೂರದ ಕೋಣೆಯಲ್ಲಿ ಕುಳಿತವನು ಯಂತ್ರದ ಸ್ಥಿತಿಯನ್ನು ಓದಬಲ್ಲನು. ಬೇಕೆಂದರೆ ಅದನ್ನು ನಿಲ್ಲಿಸಲೂ ಬಲ್ಲನು. ಈ ಸೌಲಭ್ಯವು ಒದಗಿಬಂದ ಬಗೆಯನ್ನು ವಿವರಿಸುವವರು ಸಾಮಾನ್ಯವಾಗಿ ಅದನ್ನು ವೇಗದ ಚರಿತ್ರೆಯಾಗಿ ವಿವರಿಸುತ್ತಾರೆ. ಮೊದಲು ನಿಧಾನವಾದ ತಂತಿಯಿದ್ದಿತು, ಅನಂತರ ಶೀಘ್ರವಾದ ತಂತಿ ಬಂದಿತು, ಸಂಪರ್ಕವು ಬೆಳೆಯಿತು ಎಂಬುದೇ ಆ ಕಥನದ ಸಾರಾಂಶ. ಇದು ಸುಳ್ಳಲ್ಲ, ಆದರೆ ಇಷ್ಟರಿಂದಲೇ ವಿಷಯವು ಪೂರ್ಣವಾಗುವುದಿಲ್ಲ.

ನಿಯಂತ್ರಕವು ದೂರದಿಂದ ಬಂದ ಮಾತನ್ನು ನಡೆಸಿಕೊಡಬೇಕಾದರೆ ಎರಡು ಪ್ರಶ್ನೆಗಳಿಗೆ ಉತ್ತರವು ದೊರೆತಿರಬೇಕು. ಆ ಮಾತು ಎಷ್ಟು ಹೊತ್ತಿನೊಳಗೆ ಬಂದು ಮುಟ್ಟುವುದು ಎಂಬುದೊಂದು. ಆ ಮಾತು ಯಾರದು ಎಂಬುದಿನ್ನೊಂದು. ಮೊದಲನೆಯದನ್ನು ಕಾಲದ ಪ್ರಶ್ನೆಯೆಂದೂ ಎರಡನೆಯದನ್ನು ಅಧಿಕಾರದ ಪ್ರಶ್ನೆಯೆಂದೂ ಪ್ರಕೃತ ಲೇಖನದಲ್ಲಿ ಕರೆಯುತ್ತೇವೆ. ಕಾಲದ ಪ್ರಶ್ನೆಯನ್ನು ಕುರಿತು ಇಂಜಿನಿಯರುಗಳು ಸುಮಾರು ಇಪ್ಪತ್ತು ವರ್ಷ ವಾದಮಾಡಿ, ಕಡೆಗೆ ಅದನ್ನು ಬಗೆಹರಿಸಿದರು. ಅಧಿಕಾರದ ಪ್ರಶ್ನೆಯಾದರೋ ಅತ್ಯಂತ ಪ್ರಚಾರದಲ್ಲಿದ್ದ ನಿಯಮಾವಳಿಯಲ್ಲಿಯೇ ಬಹುಕಾಲ ಸ್ಥಾನ ಪಡೆಯಲಿಲ್ಲ. ಇದಕ್ಕೆ ಕಾರಣವೇನು, ಇದರ ಫಲವೇನಾಯಿತು ಎಂಬುದನ್ನು ವಿಚಾರಿಸುವುದೇ ನಮ್ಮ ಉದ್ದೇಶ.

೨

ಮೊದಲಿಗೆ ನಿಯಂತ್ರಕದ ಹುಟ್ಟನ್ನು ನೋಡೋಣ. ೧೯೬೦ರ ದಶಕದ ಮೋಟಾರು ಕಾರ್ಖಾನೆಗಳಲ್ಲಿ ಯಂತ್ರಗಳ ಕೆಲಸದ ಅನುಕ್ರಮವನ್ನು ನಡೆಸುತ್ತಿದ್ದುದು ರಿಲೇ ಎಂಬ ಸಾಧನ. ರಿಲೇ ಎಂದರೆ ವಿದ್ಯುತ್ತು ಹರಿದಾಗ ಅಯಸ್ಕಾಂತವಾಗುವ ಒಂದು ಸುರುಳಿ. ಅದು ಲೋಹದ ನಾಲಗೆಯೊಂದನ್ನು ಸೆಳೆದು ಮತ್ತೊಂದು ವಿದ್ಯುನ್ಮಾರ್ಗವನ್ನು ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ. ಇಂತಹ ನೂರಾರು ರಿಲೇಗಳನ್ನು ತಂತಿಗಳಿಂದ ಹೆಣೆದು ಕಪಾಟುಗಳಲ್ಲಿ ನಿಲ್ಲಿಸಿದ್ದರು. ಕಾರಿನ ಮಾದರಿ ಬದಲಾದರೆ ಯಂತ್ರದ ಕೆಲಸವು ಬದಲಾಗಬೇಕು. ಯಂತ್ರದ ಕೆಲಸವು ಬದಲಾಗಬೇಕಾದರೆ ತಂತಿಗಳನ್ನು ಕಿತ್ತು ಮತ್ತೆ ಹೆಣೆಯಬೇಕು. ಇದರ ವೆಚ್ಚವೂ ವಿಳಂಬವೂ ಸಹಿಸಲಾಗದಷ್ಟು ಬೆಳೆದಾಗ, ೧೯೬೮ರಲ್ಲಿ ಅಮೆರಿಕೆಯ ಜನರಲ್ ಮೋಟಾರ್ಸ್ ಕಂಪೆನಿಯ ಹೈಡ್ರಾಮ್ಯಾಟಿಕ್ ವಿಭಾಗವು ರಿಲೇ ಕಪಾಟುಗಳ ಸ್ಥಾನದಲ್ಲಿ ನಿಲ್ಲಬಲ್ಲ ವಿದ್ಯುನ್ಮಾನ ಸಾಧನವೊಂದು ಬೇಕೆಂದು ತಯಾರಕರನ್ನು ಕೇಳಿತು.

ಇದೇ ವರ್ಷದ ಜನವರಿ ೧ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆಯ ಡಿಕ್ ಮಾರ್ಲಿಯವರು ಅಂತಹುದೇ ಸಾಧನವೊಂದರ ಕಲ್ಪನೆಯನ್ನು ಬರಹಕ್ಕಿಳಿಸಿದ್ದರು. ಅವರ ತಂಡವು ನಿರ್ಮಿಸಿದ ನಿಯಂತ್ರಕವು ಆ ಸಂಸ್ಥೆಯ ಎಂಬತ್ತನಾಲ್ಕನೆಯ ಯೋಜನೆಯಾದುದರಿಂದ ೦೮೪ ಎಂಬ ಹೆಸರನ್ನು ಪಡೆಯಿತು. ಅದನ್ನು ತಯಾರಿಸಲು ಹುಟ್ಟಿದ ಕಂಪೆನಿಯ ಹೆಸರು ಮಾಡಿಕಾನ್. ೧೯೬೯ರಲ್ಲಿ ಈ ನಿಯಂತ್ರಕವು ಜನರಲ್ ಮೋಟಾರ್ಸಿನ ಕಾರ್ಖಾನೆಯನ್ನು ಸೇರಿತು. ಮುಂದೆ ಇಂತಹ ಸಾಧನಗಳಿಗೆಲ್ಲ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಸಂಕ್ಷೇಪವಾಗಿ ಪಿ.ಎಲ್.ಸಿ., ಎಂಬ ಹೆಸರು ರೂಢಿಗೆ ಬಂದಿತು.

ಇಲ್ಲಿ ಒಂದಂಶವನ್ನು ಗಮನಿಸಬೇಕು. ಹೊಸ ಸಾಧನಕ್ಕೆ ಆಜ್ಞೆಗಳನ್ನು ಬರೆಯುವ ಪದ್ಧತಿಯನ್ನು ಗಣಕಯಂತ್ರದ ಪಂಡಿತರಿಗಾಗಿ ರೂಪಿಸಲಿಲ್ಲ. ರಿಲೇಗಳ ನಕ್ಷೆಯನ್ನೇ ಹೋಲುವ, ಏಣಿಯ ಮೆಟ್ಟಿಲುಗಳಂತೆ ಕಾಣುವ ಚಿತ್ರಭಾಷೆಯೊಂದನ್ನು ಅದಕ್ಕೆ ಕೊಟ್ಟರು. ಕಾರ್ಖಾನೆಯ ವಿದ್ಯುತ್ ಕೆಲಸಗಾರನು ತನಗೆ ತಿಳಿದ ನಕ್ಷೆಯನ್ನೇ ಅಲ್ಲಿ ಕಂಡನು. ಅಂದರೆ ನಿಯಂತ್ರಕವು ತನ್ನ ಪೂರ್ವಜನಾದ ರಿಲೇ ಕಪಾಟಿನ ಮನೋಧರ್ಮವನ್ನು ಉಳಿಸಿಕೊಂಡೇ ಬೆಳೆಯಿತು. ರಿಲೇ ಕಪಾಟಿಗೆ ಆಜ್ಞೆ ಮಾಡಬೇಕಾದವನು ಅದರ ಎದುರಿಗೆ ಬಂದು ನಿಲ್ಲಬೇಕಾಗಿದ್ದಿತು. ಕಾರ್ಖಾನೆಯ ಬಾಗಿಲನ್ನು ದಾಟಿ, ಮೇಸ್ತ್ರಿಯ ಕಣ್ಣಿಗೆ ಬಿದ್ದು, ಕಪಾಟಿನ ಬೀಗವನ್ನು ತೆಗೆದವನಿಗೆ ಅಧಿಕಾರವುಂಟೆಂಬುದು ಸ್ವತಃ ಸಿದ್ಧ. ಅಧಿಕಾರದ ಪ್ರಶ್ನೆಗೆ ಗೋಡೆಯೇ ಉತ್ತರವಾಗಿದ್ದಿತು.

೩

ನಿಯಂತ್ರಕಗಳ ಸಂಖ್ಯೆ ಬೆಳೆದಂತೆ ಅವುಗಳ ಸ್ಥಿತಿಗತಿಗಳನ್ನು ಒಂದೆಡೆಯಿಂದ ತಿಳಿಯಬೇಕೆಂಬ ಅಪೇಕ್ಷೆ ಹುಟ್ಟಿತು. ೧೯೭೯ರಲ್ಲಿ ಮಾಡಿಕಾನ್ ಕಂಪೆನಿಯು ಇದಕ್ಕಾಗಿ ಮಾಡ್‌ಬಸ್ ಎಂಬ ಸಂವಾದ ನಿಯಮವನ್ನು ಪ್ರಕಟಿಸಿತು. ಇದರ ರಚನೆಯು ಸರಳವಾದುದು. ಒಂದು ತಂತಿಯ ಮೇಲೆ ಒಬ್ಬನೇ ಒಡೆಯ, ಉಳಿದವರೆಲ್ಲರೂ ಆಳುಗಳು. ಆಳುಗಳಿಗೆ ೧ರಿಂದ ೨೪೭ರವರೆಗೆ ವಿಳಾಸಗಳುಂಟು. ಒಡೆಯನು ಒಂದು ವಿಳಾಸವನ್ನು ಕರೆದು, ಕೆಲಸದ ಸಂಖ್ಯೆಯೊಂದನ್ನು ಹೇಳುತ್ತಾನೆ. ಆ ವಿಳಾಸದ ಆಳು ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಯಾವ ಆಳೂ ಮಾತನಾಡುವಂತಿಲ್ಲ. ಕೆಲಸದ ಸಂಖ್ಯೆ ೩ ಆದರೆ ರಿಜಿಸ್ಟರಿನಲ್ಲಿರುವ ಅಂಕಿಯನ್ನು ಓದಿ ಹೇಳಬೇಕು. ೬ ಆದರೆ ಅಲ್ಲಿ ಹೊಸ ಅಂಕಿಯನ್ನು ಬರೆಯಬೇಕು. ೫ ಆದರೆ ಒಂದು ಕಾಯಿಲನ್ನು ಹಾಕಬೇಕು ಅಥವಾ ತೆಗೆಯಬೇಕು. ಕಾಯಿಲ್ ಎಂಬ ಈ ಹೆಸರು ಹಳೆಯ ರಿಲೇಯ ಸುರುಳಿಯದೇ. ಸುರುಳಿಯು ಮಾಯವಾಗಿ ಅದರ ಸ್ಥಾನದಲ್ಲಿ ಸ್ಮೃತಿಕೋಶದ ಒಂದು ಬಿಟ್ ಮಾತ್ರ ಉಳಿದಿದ್ದರೂ ಹೆಸರು ಅಳಿಯಲಿಲ್ಲ. ಒಡೆಯ ಮತ್ತು ಆಳು ಎಂಬರ್ಥದ ಇಂಗ್ಲಿಷ್ ಹೆಸರುಗಳನ್ನು ಮಾಡ್‌ಬಸ್ ಸಂಸ್ಥೆಯು ೨೦೨೦ರಲ್ಲಿ ಕೈಬಿಟ್ಟಿತು. ಆದರೆ ಮೂಲರಚನೆಯನ್ನು ತಿಳಿಯಲು ಅವು ಸಹಾಯಕವಾದುದರಿಂದ ಇಲ್ಲಿ ಬಳಸಿದ್ದೇವೆ.

ಪ್ರತಿಯೊಂದು ಸಂದೇಶದ ಕೊನೆಯಲ್ಲಿ ಹದಿನಾರು ಬಿಟ್ಟುಗಳ ಒಂದು ತಾಳೆ ಸಂಖ್ಯೆಯಿರುತ್ತದೆ. ಮೋಟಾರುಗಳ ವಿದ್ಯುತ್ ಗದ್ದಲದಿಂದ ದಾರಿಯಲ್ಲಿ ಸಂದೇಶವು ಕೆಟ್ಟಿದ್ದರೆ ಈ ಸಂಖ್ಯೆಯು ತಾಳೆಯಾಗುವುದಿಲ್ಲ, ಕೇಳುಗನು ಆ ಸಂದೇಶವನ್ನು ತಿರಸ್ಕರಿಸುತ್ತಾನೆ. ಮಾತು ಕೆಡದೆ ಬಂದಿತೇ ಎಂಬುದನ್ನು ಹೀಗೆ ಪರೀಕ್ಷಿಸುತ್ತಿದ್ದರು. ಮಾತು ಯಾರದೆಂಬುದನ್ನು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಗುರುತಿನ ಪದವಿಲ್ಲ, ಗುಪ್ತಲಿಪಿಯಿಲ್ಲ, ಕಳುಹಿಸಿದವನ ಹೆಸರೂ ಇಲ್ಲ.

ಇದನ್ನು ಅಂದಿನವರ ಅಜಾಗರೂಕತೆಯೆಂದು ಹೇಳುವವರಿದ್ದಾರೆ. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಆ ಕಾಲದ ತಂತಿಗಳ ಸ್ವರೂಪವನ್ನು ನೆನೆದರೆ ವಿಷಯವು ಸ್ಪಷ್ಟವಾಗುತ್ತದೆ. ಆರ್.ಎಸ್.-೨೩೨ ಎಂಬ ಮಾನಕದ ತಂತಿಯು ಎರಡೇ ಸಾಧನಗಳನ್ನು ಕೂಡಿಸುತ್ತಿದ್ದಿತು. ಅದರ ವಾಡಿಕೆಯ ಮಿತಿ ಸುಮಾರು ೧೫ ಮೀಟರು. ೧೯೮೩ರಲ್ಲಿ ಬಂದ ಆರ್.ಎಸ್.-೪೮೫ ಮಾನಕವು ಒಂದೇ ಜೋಡಿ ತಂತಿಯ ಮೇಲೆ ೩೨ ಸಾಧನಗಳನ್ನು ಸುಮಾರು ೧,೨೦೦ ಮೀಟರಿನವರೆಗೆ ಕೂಡಿಸಲು ಅವಕಾಶವಿತ್ತಿತು. ಇವೆರಡೂ ಕಾರ್ಖಾನೆಯ ಆವರಣದೊಳಗಿನ ಅಳತೆಗಳೇ. ತಂತಿಯ ಒಂದು ತುದಿಯಲ್ಲಿರುವ ಒಡೆಯನನ್ನು ಎಲ್ಲರೂ ಬಲ್ಲರು. ಆ ತಂತಿಯ ಮೇಲೆ ಬಂದ ಮಾತು ಅವನದೇ ಆಗಿರಬೇಕು, ಏಕೆಂದರೆ ಅಲ್ಲಿ ಬೇರೊಬ್ಬ ಒಡೆಯನಿಗೆ ಸ್ಥಳವಿಲ್ಲ. ಹೀಗಿರಲು ಅಧಿಕಾರದ ಪ್ರಶ್ನೆಗೆ ಉತ್ತರವಿರಲಿಲ್ಲವೆಂದು ಹೇಳಲಾಗದು. ಉತ್ತರವಿದ್ದಿತು, ಆದರೆ ಅದು ನಿಯಮದ ಅಕ್ಷರಗಳಲ್ಲಿ ಅಲ್ಲದೆ ತಂತಿಯ ಮೈಯಲ್ಲಿ ಇದ್ದಿತು.

೪

ಇದೇ ಕಾಲದಲ್ಲಿ ಮತ್ತೊಂದು ಬಗೆಯ ಜಾಲವು ಕಚೇರಿಗಳಲ್ಲಿ ಬೆಳೆಯುತ್ತಿದ್ದಿತು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ನಗರದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ೧೯೭೩ರ ಮೇ ತಿಂಗಳಲ್ಲಿ ಈಥರ್‌ನೆಟ್ ಎಂಬ ಜಾಲದ ಕಲ್ಪನೆಯನ್ನು ಬರೆದಿಟ್ಟರು. ಡೇವಿಡ್ ಬಾಗ್ಸ್ ಅವರ ಜೊತೆಗೂಡಿ ಅದನ್ನು ನಿರ್ಮಿಸಿ, ೧೯೭೬ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ೧೯೮೩ರಲ್ಲಿ ಇದು ಐ.ಇ.ಇ.ಇ. ಸಂಸ್ಥೆಯ ೮೦೨.೩ ಎಂಬ ಮಾನಕವಾಯಿತು. ಇದರ ವೇಗ ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳು.

ಈಥರ್‌ನೆಟ್ಟಿನ ಮೂಲಪದ್ಧತಿಯು ಸಭಾಮರ್ಯಾದೆಯಂತಹುದು. ಮಾತನಾಡಬೇಕಾದವನು ಮೊದಲು ತಂತಿಯನ್ನು ಆಲಿಸುತ್ತಾನೆ. ಅದು ಮೌನವಾಗಿದ್ದರೆ ಮಾತನಾಡುತ್ತಾನೆ. ಇಬ್ಬರು ಒಮ್ಮೆಲೇ ಮಾತನಾಡಿ ಮಾತುಗಳು ಡಿಕ್ಕಿ ಹೊಡೆದರೆ ಇಬ್ಬರೂ ನಿಲ್ಲಿಸಿ, ಯದೃಚ್ಛೆಯಿಂದ ಆರಿಸಿದ ಸ್ವಲ್ಪ ಕಾಲ ಕಾದು, ಮತ್ತೆ ಪ್ರಯತ್ನಿಸುತ್ತಾರೆ. ಹದಿನಾರು ಸಲ ಪ್ರಯತ್ನಿಸಿಯೂ ಸಾಧ್ಯವಾಗದಿದ್ದರೆ ಆ ಸಂದೇಶವನ್ನು ಕೈಬಿಡುತ್ತಾರೆ. ಕಚೇರಿಯ ಕಾಗದಪತ್ರಗಳಿಗೆ ಈ ವಿಳಂಬವು ಲೆಕ್ಕಕ್ಕಿಲ್ಲ. ಓಡುತ್ತಿರುವ ಯಂತ್ರಕ್ಕೆ ಅದೇ ವಿಳಂಬವು ಅಪಾಯ. ತಡವಾಗಿ ಬಂದ ನಿಲುಗಡೆಯ ಆಜ್ಞೆಯು ಬಾರದ ಆಜ್ಞೆಗೆ ಸಮಾನವೆಂಬುದು ಯಂತ್ರಶಾಲೆಯ ನ್ಯಾಯ.

ಆದುದರಿಂದ ೧೯೮೦ರ ದಶಕದಲ್ಲಿ ಕಾರ್ಖಾನೆಗಳ ಇಂಜಿನಿಯರುಗಳು ಈಥರ್‌ನೆಟ್ಟನ್ನು ಸಂಶಯದಿಂದ ಕಂಡರು. ಜನರಲ್ ಮೋಟಾರ್ಸ್ ಕಂಪೆನಿಯೇ ಮುಂದಾಗಿ, ಬೇರೆ ಬೇರೆ ತಯಾರಕರ ಯಂತ್ರಗಳು ಒಂದೇ ಭಾಷೆಯಲ್ಲಿ ಮಾತನಾಡಬೇಕೆಂಬ ಉದ್ದೇಶದಿಂದ ಮ್ಯಾಪ್ ಎಂಬ ನಿಯಮಾವಳಿಯನ್ನು ರಚಿಸಿತು. ಇದರ ತಂತಿಯಲ್ಲಿ ಟೋಕನ್ ಎಂಬ ಸರದಿಯ ಬಿಲ್ಲೆಯು ಒಬ್ಬರಿಂದೊಬ್ಬರಿಗೆ ಸಾಗುತ್ತದೆ. ಬಿಲ್ಲೆಯಿದ್ದವನು ಮಾತ್ರ ಮಾತನಾಡಬಲ್ಲನು. ಆದಕಾರಣ ಯಾರೂ ಒಂದು ಗೊತ್ತಾದ ಅವಧಿಗಿಂತ ಹೆಚ್ಚು ಕಾಯಬೇಕಾಗಿಲ್ಲ. ಕಾಲದ ಪ್ರಶ್ನೆಗೆ ಇದು ಸಮರ್ಪಕವಾದ ಉತ್ತರವೇ ಆಗಿದ್ದರೂ, ಸಾಧನಗಳ ಬೆಲೆಯೂ ತೊಡಕೂ ಮಿತಿಮೀರಿದುದರಿಂದ ಮ್ಯಾಪ್ ಬಹುಕಾಲ ಬಾಳಲಿಲ್ಲ. ಯುರೋಪಿನಲ್ಲಿ ೧೯೮೭ರಲ್ಲಿ ಆರಂಭವಾದ ಜರ್ಮನಿಯ ಪ್ರೊಫಿಬಸ್ ಯೋಜನೆಯೂ, ಬೇರೆ ಬೇರೆ ದೇಶಗಳ ಇತರ ಯೋಜನೆಗಳೂ ತಂತಮ್ಮ ರೀತಿಯಲ್ಲಿ ಇದೇ ಪ್ರಶ್ನೆಯನ್ನು ಬಿಡಿಸಿದವು. ಇವುಗಳಲ್ಲಿ ಒಂದನ್ನು ಅಂತರರಾಷ್ಟ್ರೀಯ ಮಾನಕವಾಗಿ ಆರಿಸಬೇಕೆಂಬ ಪ್ರಯತ್ನವು ದೀರ್ಘವಾದ ಕಲಹವಾಗಿ ಪರಿಣಮಿಸಿ, ಶತಮಾನದ ಕೊನೆಯಲ್ಲಿ ಐ.ಇ.ಸಿ. ೬೧೧೫೮ ಎಂಬ ಒಂದೇ ಮಾನಕದೊಳಗೆ ಎಂಟು ಬೇರೆ ಬೇರೆ ಪದ್ಧತಿಗಳನ್ನು ಸೇರಿಸುವುದರೊಂದಿಗೆ ಮುಗಿಯಿತು.

ಈ ಕಲಹವು ನಡೆಯುತ್ತಿರುವಾಗಲೇ ಈಥರ್‌ನೆಟ್ ತನ್ನ ದೋಷವನ್ನು ತಾನೇ ಕಳೆದುಕೊಂಡಿತು. ೧೯೯೦ರ ಸುಮಾರಿಗೆ ಸ್ವಿಚ್ ಎಂಬ ಸಾಧನವೂ, ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕವಾಗಿ ಎಳೆಯುವ ತಿರುಚಿದ ಜೋಡಿ ತಂತಿಯೂ ಬಂದವು. ಹೋಗುವ ಮಾತಿಗೂ ಬರುವ ಮಾತಿಗೂ ಬೇರೆ ಬೇರೆ ದಾರಿಯನ್ನು ಕೊಡುವ ಕ್ರಮವು ೧೯೯೭ರಲ್ಲಿ ಮಾನಕವನ್ನು ಸೇರಿದ ಮೇಲೆ ಡಿಕ್ಕಿಗೆ ಅವಕಾಶವೇ ಇಲ್ಲವಾಯಿತು. ೨೦೦೩ರಲ್ಲಿ ಜರ್ಮನಿಯ ಬೆಕ್‌ಹಾಫ್ ಸಂಸ್ಥೆಯು ಮುಂದಿಟ್ಟ ಈಥರ್‌ಕ್ಯಾಟ್ ಪದ್ಧತಿಯಲ್ಲಿ ಸಂದೇಶವು ಎಲ್ಲಿಯೂ ನಿಲ್ಲದೆ ಸಾಗುತ್ತಿರುವಾಗಲೇ ಪ್ರತಿಯೊಂದು ಸಾಧನವೂ ತನ್ನ ಪಾಲನ್ನು ಓದಿ, ತನ್ನ ಉತ್ತರವನ್ನು ಅದರಲ್ಲಿಯೇ ಸೇರಿಸುತ್ತದೆ. ಕಾಲದ ಪ್ರಶ್ನೆಯು ಹೀಗೆ ಬಗೆಹರಿಯಿತು.

೫

ಇನ್ನು ನಮ್ಮ ವಿಚಾರದ ಮುಖ್ಯ ಘಟ್ಟಕ್ಕೆ ಬರುತ್ತೇವೆ. ೧೯೯೯ರಲ್ಲಿ, ಆ ವೇಳೆಗೆ ಮಾಡಿಕಾನನ್ನು ತನ್ನದಾಗಿ ಮಾಡಿಕೊಂಡಿದ್ದ ಷ್ನೈಡರ್ ಎಲೆಕ್ಟ್ರಿಕ್ ಕಂಪೆನಿಯು, ಹಳೆಯ ಮಾಡ್‌ಬಸ್ ಸಂದೇಶವನ್ನು ಅಂತರ್ಜಾಲದ ಟಿ.ಸಿ.ಪಿ. ನಿಯಮದ ಲಕೋಟೆಯೊಳಗಿಟ್ಟು ಈಥರ್‌ನೆಟ್ಟಿನಲ್ಲಿ ಕಳುಹಿಸುವ ಕ್ರಮವನ್ನು ಪ್ರಕಟಿಸಿತು. ಇದಕ್ಕೆ ೫೦೨ನೆಯ ಸಂಖ್ಯೆಯ ದ್ವಾರವು ಮೀಸಲಾಯಿತು. ಹಳೆಯ ಸಂದೇಶಕ್ಕೂ ಹೊಸ ಸಂದೇಶಕ್ಕೂ ಇರುವ ವ್ಯತ್ಯಾಸವನ್ನು, ಹಸ್ತಪ್ರತಿಯ ಪಾಠಾಂತರಗಳನ್ನು ತಾಳೆನೋಡುವಂತೆ, ಅಕ್ಷರಶಃ ಹೋಲಿಸಿ ನೋಡುವುದು ಲಾಭಕರವಾಗಿದೆ.

ಮೊದಲಲ್ಲಿ ಏಳು ಬೈಟುಗಳ ಒಂದು ಶಿರೋಭಾಗವನ್ನು ಸೇರಿಸಿದರು. ಅದರಲ್ಲಿ ವ್ಯವಹಾರದ ಕ್ರಮಸಂಖ್ಯೆ, ನಿಯಮದ ಗುರುತು, ಸಂದೇಶದ ಉದ್ದ ಮತ್ತು ಹಳೆಯ ಆಳಿನ ವಿಳಾಸಕ್ಕೆ ಸಮನಾದ ಘಟಕದ ಸಂಖ್ಯೆ ಇವೆ. ನಡುವಿನ ಕೆಲಸದ ಸಂಖ್ಯೆಗಳೂ ಅಂಕಿಗಳೂ ಇದ್ದಂತೆಯೇ ಉಳಿದವು. ಕೊನೆಯಲ್ಲಿದ್ದ ತಾಳೆ ಸಂಖ್ಯೆಯನ್ನು ತೆಗೆದುಹಾಕಿದರು. ಏಕೆಂದರೆ ಸಂದೇಶವು ಕೆಡದಂತೆ ನೋಡಿಕೊಳ್ಳುವ ಕೆಲಸವನ್ನು ಈಥರ್‌ನೆಟ್ ಮತ್ತು ಟಿ.ಸಿ.ಪಿ. ತಾವೇ ಮಾಡುತ್ತವೆ, ಅದನ್ನು ಮತ್ತೊಮ್ಮೆ ಮಾಡಬೇಕಾಗಿಲ್ಲ.

ಈ ಲೋಪವು ನಮಗೆ ಅತ್ಯಂತ ಮಹತ್ವದ ಸಾಕ್ಷ್ಯವಾಗಿ ತೋರುತ್ತದೆ. ಹಳೆಯ ತಂತಿಯು ಏನನ್ನು ಕೊಡುತ್ತಿರಲಿಲ್ಲ, ಹೊಸ ಜಾಲವು ಏನನ್ನು ಕೊಡುತ್ತದೆ ಎಂಬುದನ್ನು ರಚನೆಕಾರರು ಲೆಕ್ಕ ಹಾಕಿದ್ದರೆಂಬುದು ಇದರಿಂದ ಸಿದ್ಧವಾಗುತ್ತದೆ. ಹೊಸ ಜಾಲವು ಹೆಚ್ಚಾಗಿ ಕೊಟ್ಟುದನ್ನು ಗಮನಿಸಿ, ಅನಾವಶ್ಯಕವಾದುದನ್ನು ಕಳೆದರು. ಆದರೆ ಹಳೆಯ ತಂತಿಯು ಕೊಡುತ್ತಿದ್ದು ಹೊಸ ಜಾಲವು ಕೊಡದ ವಸ್ತುವೊಂದಿದ್ದಿತು: ಮಾತನಾಡುವವನು ಒಬ್ಬನೇ, ಅವನು ಇಂಥವನೇ ಎಂಬ ಭರವಸೆ. ಅದರ ಸ್ಥಾನದಲ್ಲಿ ಏನನ್ನೂ ಸೇರಿಸಲಿಲ್ಲ. ಟಿ.ಸಿ.ಪಿ. ಜಾಲದಲ್ಲಿ ೫೦೨ನೆಯ ದ್ವಾರವನ್ನು ತಟ್ಟಬಲ್ಲವರೆಲ್ಲರೂ ಒಡೆಯರೇ. ಕೂಡುವ ಲೆಕ್ಕವನ್ನು ಮಾಡಿದರು. ಕಳೆಯುವ ಲೆಕ್ಕವು ಹಾಗೆಯೇ ಉಳಿಯಿತು.

ನಮ್ಮ ನಾಡಿನ ಪ್ರಾಚೀನ ದಾನಶಾಸನಗಳನ್ನು ಬಲ್ಲವರಿಗೆ ಈ ವ್ಯತ್ಯಾಸವು ಸುಲಭವಾಗಿ ಮನವರಿಕೆಯಾಗುವುದು. ಆಸ್ಥಾನದಲ್ಲಿ ಅರಸನು ಬಾಯಾರೆ ಆಡಿದ ಮಾತಿಗೆ ಮುದ್ರೆಯು ಬೇಕಿಲ್ಲ. ಆಡಿದವನು ಎದುರಿಗೇ ಇದ್ದಾನೆ. ಆ ಮಾತೇ ತಾಮ್ರಪಟದ ಮೇಲೆ ಕೆತ್ತಲ್ಪಟ್ಟು ದೂರದ ಗ್ರಾಮಕ್ಕೆ ಹೊರಟಾಗ ಪಟಗಳನ್ನು ಕೋದ ಬಳೆಯ ಮೇಲೆ ರಾಜಮುದ್ರೆಯನ್ನು ಒತ್ತುತ್ತಿದ್ದರು. ದೂರವು ಹೆಚ್ಚಿದಲ್ಲಿ ಮುದ್ರೆಯು ಬೇಕೆಂಬುದನ್ನು ಆ ಕಾಲದ ಲೇಖಕರು ಬಲ್ಲವರಾಗಿದ್ದರು. ಮಾಡ್‌ಬಸ್ ಸಂದೇಶವಾದರೋ ಆಸ್ಥಾನವನ್ನು ಬಿಟ್ಟು ಮುದ್ರೆಯಿಲ್ಲದೆ ಪ್ರಯಾಣ ಹೊರಟಿತು.

೬

ಇದರ ಫಲವಾಗಿ ನಡೆದ ಘಟನೆಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ. ಇವೆಲ್ಲವೂ ಮಾಡ್‌ಬಸ್ಸಿಗೆ ಸಂಬಂಧಿಸಿದವಲ್ಲ. ಜಾಲದ ಮೇಲಿನ ನಂಬಿಕೆಯ ಪರಿಣಾಮವು ಇವೆಲ್ಲಕ್ಕೂ ಸಾಮಾನ್ಯವಾಗಿದೆ.

೨೦೦೩ರ ಜನವರಿಯಲ್ಲಿ ಸ್ಲ್ಯಾಮರ್ ಎಂಬ ಗಣಕಕೀಟವು ಓಹಾಯೋ ಸಂಸ್ಥಾನದ ಡೇವಿಸ್-ಬೆಸ್ಸೆ ಪರಮಾಣು ವಿದ್ಯುತ್ ಕೇಂದ್ರದ ಜಾಲವನ್ನು ಹೊಕ್ಕಿತು. ಕೇಂದ್ರಕ್ಕೆ ರಕ್ಷಣೆಯ ತಡೆಯಿದ್ದಿತು. ಆದರೆ ಕಂತ್ರಾಟುದಾರರೊಬ್ಬರ ತಂತಿಯು ಆ ತಡೆಯನ್ನು ಬಳಸಿ ಒಳಗೆ ಬಂದಿದ್ದಿತು. ಸುರಕ್ಷತಾ ಮಾನಗಳನ್ನು ತೋರಿಸುವ ಫಲಕವು ಸುಮಾರು ಐದು ಗಂಟೆಗಳ ಕಾಲ ಕೆಲಸಮಾಡಲಿಲ್ಲ. ಸ್ಥಾವರವು ಆಗ ಮುಚ್ಚಿದ್ದುದರಿಂದ ಹಾನಿಯಾಗಲಿಲ್ಲ.

೨೦೦೬ರ ಆಗಸ್ಟ್ ೧೯ರಂದು ಅಲಬಾಮಾ ಸಂಸ್ಥಾನದ ಬ್ರೌನ್ಸ್ ಫೆರಿ ಪರಮಾಣು ಕೇಂದ್ರದ ಮೂರನೆಯ ಸ್ಥಾವರದಲ್ಲಿ ನೀರನ್ನು ಸುತ್ತಿಸುವ ಎರಡು ಪಂಪುಗಳೂ ನಿಂತುಹೋದವು; ನಿರ್ವಾಹಕರು ಸ್ಥಾವರವನ್ನು ಕೈಯಾರೆ ನಿಲ್ಲಿಸಬೇಕಾಯಿತು. ಇಲ್ಲಿ ಶತ್ರುವಿನ ಕೈವಾಡವು ಕಂಡುಬರಲಿಲ್ಲ. ಕೇಂದ್ರದ ಒಳಜಾಲದಲ್ಲಿ ಸಂದೇಶಗಳ ಪ್ರವಾಹವೇ ಎದ್ದು, ಪಂಪುಗಳ ವೇಗವನ್ನು ನಡೆಸುವ ನಿಯಂತ್ರಕಗಳು ಅದನ್ನು ತಾಳಲಾರದೆ ಸ್ತಬ್ಧವಾದವು. ನೀರಿನ ಶುದ್ಧೀಕರಣ ಘಟಕದ ಪಿ.ಎಲ್.ಸಿ.ಯೂ ಕೆಟ್ಟಿತು. ತಮಗೆ ಸಂಬಂಧಪಡದ ಮಾತುಗಳನ್ನೂ ಕೇಳಬೇಕಾದ ಸ್ಥಿತಿಗೆ ಅವು ಬಂದಿದ್ದವು. ಅನಂತರ ಆ ನಿಯಂತ್ರಕಗಳ ಮುಂದೆ, ಬರುವ ಸಂದೇಶಗಳನ್ನು ಸೋಸುವ ಫೈರ್‌ವಾಲುಗಳನ್ನು ಇಟ್ಟರು. ಅಂದರೆ ಹಿಂದೆ ಇದ್ದ ಗೋಡೆಯನ್ನು ಜಾಲದೊಳಗೆ ಮತ್ತೆ ಕಟ್ಟಬೇಕಾಯಿತು.

ಗೋಡೆಯೊಂದೇ ಸಾಲದೆಂಬುದನ್ನು ೨೦೧೦ರ ಜೂನ್ ತಿಂಗಳಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ತೋರಿಸಿತು. ಇರಾನಿನ ನತಾಂಜ್ ಕೇಂದ್ರದ ಯುರೇನಿಯಂ ಕಡೆಗೋಲು ಯಂತ್ರಗಳನ್ನು ಕೆಡಿಸಲು ರಚಿತವಾಗಿದ್ದ ಈ ತಂತ್ರವು, ಹೊರಗಿನ ಜಾಲದ ಸಂಪರ್ಕವಿಲ್ಲದ ಗಣಕಗಳಿಗೂ ಕೈಯಲ್ಲಿ ಒಯ್ಯುವ ಯು.ಎಸ್.ಬಿ. ಕಡ್ಡಿಗಳ ಮೂಲಕ ಹರಡಬಲ್ಲುದಾಗಿದ್ದಿತು. ಸೀಮೆನ್ಸ್ ನಿಯಂತ್ರಕಗಳಿಗೆ ಆಜ್ಞೆಗಳನ್ನು ಬರೆಯುವ ಗಣಕವನ್ನು ಸೇರಿ, ಮೋಟಾರುಗಳ ಆವರ್ತನವನ್ನು ವಾಡಿಕೆಯ ೧,೦೬೪ ಹರ್ಟ್ಸಿನಿಂದ ಒಮ್ಮೆ ೧,೪೧೦ಕ್ಕೆ ಏರಿಸಿ, ಮತ್ತೊಮ್ಮೆ ೨ಕ್ಕೆ ಇಳಿಸುವಂತೆ ಅದು ಆಜ್ಞೆಗಳನ್ನು ತಿದ್ದುತ್ತಿದ್ದಿತು; ತಿದ್ದಿದುದು ಇಂಜಿನಿಯರನ ಕಣ್ಣಿಗೆ ಬೀಳದಂತೆ ಮರೆಮಾಡುತ್ತಿದ್ದಿತು. ಆಜ್ಞೆಯು ಬರಬೇಕಾದ ಗಣಕದಿಂದಲೇ ಬಂದಿತಾದ್ದರಿಂದ ನಿಯಂತ್ರಕವು ಅದನ್ನು ಒಪ್ಪಿಕೊಂಡಿತು.

೨೦೨೩ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಅಲಿಕ್ವಿಪ್ಪ ಎಂಬ ಸಣ್ಣ ಊರಿನ ನೀರು ಸರಬರಾಯಿ ಸಂಸ್ಥೆಯ ಪಿ.ಎಲ್.ಸಿ.ಯೊಂದನ್ನು ಹೊರಗಿನವರು ಹೊಕ್ಕರು. ನೀರನ್ನು ಎತ್ತುವ ಠಾಣೆಯನ್ನು ಕೈಯಿಂದ ನಡೆಸಬೇಕಾಯಿತು. ಅಲ್ಲಿಯೂ ಇತರೆಡೆಗಳಲ್ಲಿಯೂ ಆ ಸಮಯದಲ್ಲಿ ದಾಳಿಗೊಳಗಾದ ಅದೇ ಜಾತಿಯ ನಿಯಂತ್ರಕಗಳನ್ನು ಕುರಿತು ಅಮೆರಿಕೆಯ ಸರ್ಕಾರವು ಹೊರಡಿಸಿದ ಎಚ್ಚರಿಕೆಯಲ್ಲಿ, ತಯಾರಕರು ಮೊದಲೇ ಇಟ್ಟುಕೊಟ್ಟ ೧೧೧೧ ಎಂಬ ಗುರುತಿನ ಪದವನ್ನು ಬದಲಾಯಿಸಬೇಕೆಂಬುದು ಮುಖ್ಯ ಸೂಚನೆಯಾಗಿದ್ದಿತು. ಮುದ್ರೆಯು ಈಗ ಇದ್ದಿತು; ಆದರೆ ಎಲ್ಲರ ಕೈಯಲ್ಲಿಯೂ ಒಂದೇ ಮುದ್ರೆಯಿದ್ದಿತು.

೭

ಮೇಲ್ಕಂಡ ವಿಚಾರಗಳಿಂದ ನಾವು ತಳೆಯುವ ನಿರ್ಣಯವನ್ನು ಸಂಗ್ರಹಿಸಿ ಹೇಳುವುದಾದರೆ: ಯಂತ್ರನಿಯಂತ್ರಕದ ಜಾಲಸಂಪರ್ಕದಲ್ಲಿ ಇಂದು ಕಾಣುವ ಅಪಾಯಕ್ಕೆ ೧೯೭೯ರ ರಚನೆಕಾರರನ್ನು ಹೊಣೆಮಾಡುವುದು ಕಾಲವಿಪರ್ಯಾಸವಾಗುತ್ತದೆ, ಅವರ ನಿಯಮವು ಅವರ ತಂತಿಗೆ ತಕ್ಕುದಾಗಿದ್ದಿತು. ಈಥರ್‌ನೆಟ್ಟನ್ನು ದೂರುವುದೂ ಸರಿಯಲ್ಲ. ಅದು ತನ್ನ ಮೇಲಿನ ಆಕ್ಷೇಪಣೆಗೆ ಸಮರ್ಥವಾದ ಉತ್ತರವನ್ನೇ ಕೊಟ್ಟಿತು. ಒಂದು ಸ್ಥಳದ ನಂಬಿಕೆಯನ್ನು ಮತ್ತೊಂದು ಸ್ಥಳಕ್ಕೆ ಒಯ್ಯುವಾಗ ಆ ನಂಬಿಕೆಗೆ ಆಧಾರವಾಗಿದ್ದ ಗೋಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದುದೇ ನಿಜವಾದ ದೋಷ. ಕಾಲದ ಪ್ರಶ್ನೆಯ ಕಲಹವು ಎಷ್ಟು ಜೋರಾಗಿದ್ದಿತೆಂದರೆ ಅಧಿಕಾರದ ಪ್ರಶ್ನೆಯು ಅದರ ನಡುವೆ ಕೇಳಿಸಲಿಲ್ಲ.

೨೦೧೮ರಲ್ಲಿ ಮಾಡ್‌ಬಸ್ ಸಂಸ್ಥೆಯು ಭದ್ರತೆಯ ಹೊಸ ನಿಯಮವನ್ನು ಪ್ರಕಟಿಸಿತು. ಇದರಲ್ಲಿ ೮೦೨ನೆಯ ದ್ವಾರದ ಮೂಲಕ ಬರುವ ಸಂದೇಶವು ಗುಪ್ತಲಿಪಿಯ ಹೊದಿಕೆಯಲ್ಲಿ ಬರುತ್ತದೆ. ಎರಡು ಕಡೆಯವರೂ ತಂತಮ್ಮ ಪ್ರಮಾಣಪತ್ರವನ್ನು ತೋರಿಸಬೇಕು. ಕೇಳುವವನಿಗೆ ಆ ಕೆಲಸವನ್ನು ಮಾಡಿಸುವ ಅಧಿಕಾರವುಂಟೇ ಎಂಬುದನ್ನು ಆ ಪತ್ರದಿಂದ ತಿಳಿಯಬಹುದು. ಮಾಡ್‌ಬಸ್ ಹುಟ್ಟಿದ ೩೯ ವರ್ಷಗಳ ಮೇಲೆ, ಅದು ಟಿ.ಸಿ.ಪಿ.ಯ ಲಕೋಟೆಯನ್ನು ಸೇರಿದ ೧೯ ವರ್ಷಗಳ ಮೇಲೆ, ಮುದ್ರೆಯು ದೊರೆತಂತಾಯಿತು. ಆದರೆ ಕಚೇರಿಯ ಗಣಕದಂತೆ ಕಾರ್ಖಾನೆಯ ನಿಯಂತ್ರಕವನ್ನು ನಾಲ್ಕಾರು ವರ್ಷಗಳಿಗೊಮ್ಮೆ ಬದಲಾಯಿಸುವ ವಾಡಿಕೆಯಿಲ್ಲ. ಒಮ್ಮೆ ನಿಲ್ಲಿಸಿದ ನಿಯಂತ್ರಕವು ದಶಕಗಳ ಕಾಲ ದುಡಿಯುತ್ತದೆ. ೫೦೨ನೆಯ ದ್ವಾರವು ಇಂದಿಗೂ ಅಸಂಖ್ಯಾತ ಯಂತ್ರಶಾಲೆಗಳಲ್ಲಿ ತೆರೆದಿದೆ.

ಆದುದರಿಂದ ನಿಯಂತ್ರಕಕ್ಕೆ ಕೇಬಲನ್ನು ಸಿಕ್ಕಿಸುವವನು ವೇಗವನ್ನೂ ವಿಳಾಸವನ್ನೂ ಗೊತ್ತುಪಡಿಸಿದ ಮಾತ್ರಕ್ಕೆ ಕೆಲಸವು ಮುಗಿಯಿತೆಂದು ಭಾವಿಸಲಾಗದು. ಈವರೆಗೆ ಈ ಯಂತ್ರವನ್ನು ಯಾವ ಗೋಡೆಯು ಕಾಯುತ್ತಿದ್ದಿತು, ಈ ತಂತಿಯು ಆ ಗೋಡೆಯಲ್ಲಿ ಎಲ್ಲಿ ಕಂಡಿ ಕೊರೆಯುತ್ತದೆ, ಆ ಕಂಡಿಯಲ್ಲಿ ಕಾವಲಿರುವವರು ಯಾರು ಎಂಬುದನ್ನು ಅವನು ಮೊದಲು ಕೇಳಿಕೊಳ್ಳಬೇಕು. ಪಂಪಿನ ಆಚೆ ಒಂದು ಊರಿನ ಕುಡಿಯುವ ನೀರಿದೆ.